ಬೋರಲು ಗಡಿಗೆ

“ಗುರುಗಳೇ, ಈ ಕಂಪ್ಯೂಟರಿನ ಹೊಟ್ಟೆಯೊಳಗೆ ಇರುವುದು ಒಂದು ಮತ್ತು ಸೊನ್ನೆ, ಎರಡೇ ಎಂದಿರಿ. ಅವುಗಳಲ್ಲಿ ಒಂದೊಂದಕ್ಕೂ ಬಿಟ್ ಎಂದು ಹೆಸರು, ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂದಿರಿ. ಅಷ್ಟೂ ಒಪ್ಪಿದೆ. ಆದರೆ ಸೊನ್ನೆ ಎಂದರೆ ಏನೂ ಇಲ್ಲ ಎಂದೇ ಅಲ್ಲವೇ? ಏನೂ ಇಲ್ಲದ್ದನ್ನು ಯಂತ್ರ ಯಾಕೆ ಜೋಪಾನ ಮಾಡಬೇಕು? ಸೊನ್ನೆಗಳನ್ನೆಲ್ಲ ಎತ್ತಿ ಆಚೆ ಹಾಕಿ, ಬರೀ ಒಂದುಗಳನ್ನು ಇಟ್ಟುಕೊಂಡರೆ ಅರ್ಧಕ್ಕರ್ಧ ಜಾಗ ಉಳಿಯುವುದಿಲ್ಲವೇ?”

ಕೇಳಿದವನು ಮಠದ ತಾಳೆಗರಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದ ಶಿಷ್ಯ. ಕೇಳಿ ಮುಗಿಸಿದಾಗ ಅವನ ಮುಖದಲ್ಲಿ ಗೆದ್ದವನ ಕಳೆ ಇತ್ತು. ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡು ನಕ್ಕರು.

“ಭಲೇ! ಇಷ್ಟು ದಿನ ಯಾರಿಗೂ ಹೊಳೆಯದ ಉಪಾಯ ನಿನಗೊಬ್ಬನಿಗೆ ಹೊಳೆದುಬಿಟ್ಟಿತಲ್ಲ! ಕೂತುಕೋ. ಒಬ್ಬ ಕುಂಬಾರನಿದ್ದ, ಅವನ ಕತೆ ಹೇಳುತ್ತೇನೆ,” ಎಂದರು.

ಒಂದು ದೊಡ್ಡ ಹೊಳೆ. ಈಚೆ ದಡದಲ್ಲಿ ಒಬ್ಬ ಕುಂಬಾರ ಮತ್ತು ಅವನ ಹೆಂಡತಿ. ಇರುವವಳು ಒಬ್ಬಳೇ ಮಗಳು. ಅವಳನ್ನು ಆಚೆ ದಡದ ಕುಂಬಾರರ ಮನೆಗೇ ಕೊಟ್ಟಿದ್ದರು. ಬೇಸಗೆಯಲ್ಲಿ ಹರಿಗೋಲು ಹತ್ತಿದರೆ ಒಂದು ಗಳಿಗೆಯ ದಾರಿ. ಮಳೆಗಾಲ ಬಂತೆಂದರೆ ಮುಗಿಯಿತು. ಮೂರು ತಿಂಗಳು ಹರಿಗೋಲು ನೀರಿಗೆ ಇಳಿಯುತ್ತಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದರೂ ಹೊಳೆಯ ಮೊರೆತದಲ್ಲಿ ದನಿ ದಾಟುತ್ತಿರಲಿಲ್ಲ. ಮಗಳ ಮನೆಯ ಹಿತ್ತಿಲ ಕಲ್ಲುಗೋಡೆ ಮಾತ್ರ ದೂರಕ್ಕೆ ಕಾಣುತ್ತಿತ್ತು.

ಮದುವೆಯಾದ ವರ್ಷ, ಹರಿಗೋಲು ನಿಲ್ಲುವ ಮುಂಚೆ, ಕುಂಬಾರ ಮಗಳಿಗೆ ಒಂದು ಮಾತು ಹೇಳಿ ಬಂದ. “ದಿನಾ ಬೆಳಿಗ್ಗೆ ಗೋಡೆಯ ಮೇಲೆ ಒಂದು ಗಡಿಗೆ ಇಡು ತಾಯಿ. ಬಾಯಿ ಮೇಲಾಗಿದ್ದರೆ ಸುಖವಾಗಿದ್ದೀಯ ಎಂದು ತಿಳಿಯುತ್ತೇವೆ. ಬೋರಲಾಗಿದ್ದರೆ ಏನೋ ಕಷ್ಟವಿದೆ ಎಂದು ತಿಳಿಯುತ್ತೇವೆ.”

ಮಗಳು ಹಾಗೆಯೇ ಮಾಡಿದಳು. ಗಡಿಗೆ ದಿನವೂ ಬಾಯಿ ಮೇಲಾಗಿಯೇ ಇತ್ತು. ತಾಯಿಗೆ ಮೂರು ದಿನ ಸಮಾಧಾನ. ನಾಲ್ಕನೆಯ ದಿನ ಗಂಡನ ತಲೆ ತಿನ್ನತೊಡಗಿದಳು. “ಸುಖವೇನೋ ಸರಿ. ಅತ್ತೆ ಬಯ್ಯುತ್ತಾಳೋ ಇಲ್ಲವೋ, ಅದು ಗೊತ್ತಾಗಬೇಡವೇ?”

ಮರುವರ್ಷ ಎರಡೂ ಮನೆಯವರು ತಂತಮ್ಮ ಹಿತ್ತಿಲ ಗೋಡೆಯ ಮೇಲೆ ಎರಡೆರಡು ಗಡಿಗೆ ಇಟ್ಟರು. ಎರಡೂ ಮೇಲೆ, ಎರಡೂ ಬೋರಲು, ಮೊದಲನೆಯದು ಮಾತ್ರ ಬೋರಲು, ಎರಡನೆಯದು ಮಾತ್ರ ಬೋರಲು. ನಾಲ್ಕು ಸುದ್ದಿ ಹೇಳಬಹುದಾಯಿತು. ಹೊಳೆ ಹರಿದು ಬರುವ ಕಡೆಯಿಂದಲೇ ಗಡಿಗೆ ಎಣಿಸಬೇಕು ಎಂದು ಎರಡು ದಡದವರೂ ಗೊತ್ತು ಮಾಡಿಕೊಂಡರು. ಇಲ್ಲವಾದರೆ ಇವರ ಮೊದಲನೆಯದು ಅವರಿಗೆ ಕೊನೆಯದಾಗುತ್ತಿತ್ತು. ಅದರ ಮರುವರ್ಷ ಮೂರು ಗಡಿಗೆ, ಎಂಟು ಸುದ್ದಿ. ನಾಲ್ಕನೆಯದು ಬಂದಾಗ ಹದಿನಾರು. ಕುಂಬಾರ ಬೆರಗಾದ. ಅವನ ಕಸುಬಿನಲ್ಲಿ ಒಂದು ಗಡಿಗೆ ಹೆಚ್ಚು ಮಾಡಿದರೆ ಒಂದೇ ಗಡಿಗೆ ಹೆಚ್ಚುತ್ತದೆ. ಇಲ್ಲಿ ನೋಡಿದರೆ ಒಂದು ಗಡಿಗೆ ಹೆಚ್ಚಿಟ್ಟರೆ ಹೇಳುವ ಮಾತೆಲ್ಲ ಇಮ್ಮಡಿಯಾಗುತ್ತಿತ್ತು. ಗೋಡೆಯ ಮುಂದೆ ನಿಂತು ಬೆರಳು ಮಡಚಿ ಬಿಚ್ಚಿ ಲೆಕ್ಕ ಹಾಕುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಇವನಿಗೆಲ್ಲೋ ಗಾಳಿ ಸೋಕಿದೆ ಎಂದು ಊರವರು ಆಡಿಕೊಂಡರು.

ಎಂಟು ವರ್ಷಕ್ಕೆ ಎಂಟು ಗಡಿಗೆಯಾಯಿತು. ಇನ್ನೂರ ಐವತ್ತಾರು ಸುದ್ದಿಗೆ ಜಾಗವಾಯಿತು. ತಾಯಿ, ಮಗಳು ಕೂತು ಸುದ್ದಿ ಹುಡುಕಿದ್ದೇ ಹುಡುಕಿದ್ದು. ಬೆಕ್ಕು ಮರಿ ಹಾಕಿತು, ಉಪ್ಪಿನಕಾಯಿಗೆ ಬೂಷ್ಟು ಬಂತು, ನಾದಿನಿ ಮುನಿಸಿಕೊಂಡಳು, ನಾದಿನಿಯ ಮುನಿಸು ಇಳಿಯಿತು. ಎಲ್ಲಕ್ಕೂ ಒಂದೊಂದು ಸಾಲು. ಇಷ್ಟಾದರೂ, ಆ ಮಳೆಗಾಲದಲ್ಲಿ ಮಗಳ ಮನೆಯ ಎಮ್ಮೆ ಅವಳಿ ಕರು ಹಾಕಿತು ನೋಡು, ಆ ಸುದ್ದಿಗೆ ಸಾಲೇ ಇಲ್ಲ! ಮಗಳು ಗೋಡೆಯ ಹಿಂದೆ ಕೈ ಕೈ ಹಿಸುಕಿಕೊಂಡಳು.

ನೀರಿಳಿದ ಮೇಲೆ ಅವಳು ತವರಿಗೆ ಬಂದು, “ಅಪ್ಪಾ, ಸುದ್ದಿಗೊಂದು ಸಾಲು ಬೇಡ, ಅಕ್ಷರಕ್ಕೊಂದು ಸಾಲು ಇಡೋಣ,” ಎಂದಳು. ಇದ್ದಬದ್ದ ಅಕ್ಷರಗಳೆಲ್ಲ ಆ ಇನ್ನೂರ ಐವತ್ತಾರರಲ್ಲಿ ಸುಖವಾಗಿ ಕೂತವು. ದೀರ್ಘಕ್ಕೆ, ಕೊಂಬಿಗೆ, ಒತ್ತಿಗೆ ಬೇರೆ ಸಾಲುಗಳನ್ನು ಕೊಟ್ಟ ಮೇಲೂ ಎಷ್ಟೋ ಉಳಿದವು. ಪಟ್ಟಿಯನ್ನು ಕೆಮ್ಮಣ್ಣಿನಲ್ಲಿ ಎರಡೂ ಮನೆಗಳ ಪಡಸಾಲೆಯ ಗೋಡೆಗೆ ಬರೆದಿಟ್ಟಳು. ಓದಿಕೊಂಡವರು ಬಟ್ಟೆಯನ್ನು ಮೇಲೆ ಕೆಳಗೆ ಬೀಸಬೇಕು. ತಿಳಿಯದಿದ್ದರೆ ಅಡ್ಡಡ್ಡ ಬೀಸಬೇಕು. ಎಂಟೂ ಗಡಿಗೆ ಬೋರಲಾದರೆ, ‘ಹಿಂದಿನ ಅಕ್ಷರ ತಪ್ಪಾಯಿತು, ಅಳಿಸಿಬಿಡು’ ಎಂದು ಅರ್ಥ. ಆಮೇಲೆ ಹೇಳಲಾಗದ ಮಾತೇ ಉಳಿಯಲಿಲ್ಲ. ತಾಯಿ ಸಾರಿನ ಪುಡಿಯ ಹದವನ್ನೂ ಹೊಳೆ ದಾಟಿಸಿದಳು. ಅದಕ್ಕೆ ಮೂರು ದಿನ ಹಿಡಿಯಿತು, ಆ ಮಾತು ಬೇರೆ.

“ಇಲ್ಲಿಗೆ ಬಿಟ್ಟೂ ಆಯಿತು, ಬೈಟೂ ಆಯಿತು,” ಎಂದರು ಗುರುಗಳು. “ಒಂದು ಗಡಿಗೆ ಒಂದು ಬಿಟ್. ಬಾಯಿ ಮೇಲಾದರೆ ಒಂದು, ಬೋರಲಾದರೆ ಸೊನ್ನೆ. ಎಂಟರ ಸಾಲು ಒಂದು ಬೈಟ್. ಇನ್ನು ನಿನ್ನ ಸೊನ್ನೆಗೆ ಬರುತ್ತೇನೆ.”

ಎಂಟು ವರ್ಷ ಮಗಳ ಮಡಿಲು ತುಂಬಿರಲಿಲ್ಲ. ಒಂಬತ್ತನೆಯ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಆಚೆ ದಡದಲ್ಲಿ ಅಳಿಯ ಗಡಿಗೆ ಜೋಡಿಸತೊಡಗಿದ. ಹೆಣ್ಣು ಕೂಸು. ಇಬ್ಬರೂ ಕ್ಷೇಮ. ಪೂರ್ತಿ ಓದುವಷ್ಟು ತಾಳ್ಮೆ ಯಾರಿಗಿತ್ತು? ‘ಕೂಸು’ ಎಂಬುದು ಮುಗಿಯುತ್ತಿದ್ದಂತೆ ಅಜ್ಜಿಯಾದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಿಲಲ್ಲಿ ಕುಣಿದಳು. ಕುಂಬಾರ ತಿಗರಿಯ ಮುಂದೆ ಕೂತು, ಮಣ್ಣಿಲ್ಲದ ಬರಿಯ ತಿಗರಿಯನ್ನೇ ಗಿರಗಿರ ತಿರುಗಿಸಿದ.

ಅವರ ಕುಲದಲ್ಲಿ ಚೊಚ್ಚಲ ಕೂಸಿಗೆ ಹೆಸರು ತವರಿನಿಂದ ಬರಬೇಕು. ಹನ್ನೆರಡನೆಯ ದಿನ ಅದು ಗಂಡನ ಮನೆ ಮುಟ್ಟುವ ಮುಂಚೆ ಬೇರೆ ಯಾರಿಗೂ ಹೇಳುವಂತಿಲ್ಲ. ಆ ದಿನ ಹೊತ್ತು ಮುಳುಗುವುದರೊಳಗೆ ಬಾರದಿದ್ದರೆ ಗಂಡನ ಮನೆಯವರು ತಮಗೆ ತೋಚಿದ ಹೆಸರು ಇಟ್ಟುಬಿಡುತ್ತಾರೆ. ಬಂದರೆ, ಅದು ಎಂಥದ್ದೇ ಇರಲಿ, ಅದನ್ನೇ ಇಡಬೇಕು. ಕುಂಬಾರನ ತಾಯಿ ಬಾಳವ್ವ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಮಣ್ಣು ತುಳಿಯುವುದನ್ನು ಅವನಿಗೆ ಕಲಿಸಿದವಳು ಅವಳೇ. ಹೋಗುವಾಗ, “ಮೊಮ್ಮಗಳಿಗೆ ಹೆಣ್ಣಾದರೆ ನನ್ನ ಹೆಸರಿಡಿಸು ಮಗನೇ,” ಎಂದು ಕೈ ಹಿಡಿದುಕೊಂಡಿದ್ದಳು. ಇವನು ಹೂಂ ಎಂದಿದ್ದ. ಹನ್ನೊಂದು ದಿನ ಆ ಹೆಸರನ್ನು ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ.

ಹನ್ನೆರಡನೆಯ ದಿನ ಬೆಳಗಿನಿಂದ ಜಡಿಮಳೆ. ಆಚೆ ದಡವೇ ಕಾಣಲಿಲ್ಲ. ಕುಂಬಾರ ಒಳಗೂ ಹೊರಗೂ ಶತಪಥ ಹಾಕಿದ. ಸಂಜೆಯ ಹೊತ್ತಿಗೆ ಮಳೆ ಹೊಳವಾಯಿತು, ಬಿಸಿಲೂ ಬಿತ್ತು. ಓಡಿ ಹೋಗಿ ಮೊದಲ ಸಾಲು ಇಟ್ಟ. ಬ. ಆಚೆ ಬಟ್ಟೆ ಮೇಲೆ ಕೆಳಗೆ ಆಡಿತು. ಎರಡನೆಯ ಸಾಲು ಇಟ್ಟ. ದೀರ್ಘ. ಬಟ್ಟೆ ಆಡಿತು. ಮೂರನೆಯದಾಗಿ ಳ ಇಟ್ಟ. ಆ ಅಕ್ಷರಕ್ಕೆ ಮೊದಲನೆಯ, ನಾಲ್ಕನೆಯ, ಏಳನೆಯ ಗಡಿಗೆ ಮೇಲೆ. ಉಳಿದ ಐದೂ ಬೋರಲು. ಅವನ ಕಣ್ಣು ಮೊದಲಿನಷ್ಟು ಚುರುಕಾಗಿರಲಿಲ್ಲ. ಬಟ್ಟೆ ನೋಡಬೇಕಾದರೆ ಪ್ರತಿ ಸಲವೂ ನೀರಿನ ಅಂಚಿಗೆ ಇಳಿಯಬೇಕಾಗಿತ್ತು. ಇಳಿದ. ಹೆಂಡತಿ ಒಳಗೆ ಹೋಳಿಗೆ ತಟ್ಟುತ್ತಿದ್ದಳು.

ಆ ಬೀದಿಯ ಕುಂಬಾರರಲ್ಲಿ ಒಂದು ಪದ್ಧತಿ ಇತ್ತು. ಗೋಡೆಯ ಮೇಲೆ ಬೋರಲಾಗಿರುವ ಗಡಿಗೆ ಮಾರಾಟಕ್ಕೆ. ಬಾಯಿ ಮೇಲಾಗಿರುವುದು ಯಾರೋ ಹೇಳಿ ಮಾಡಿಸಿದ್ದು, ಅದನ್ನು ಮುಟ್ಟಬಾರದು. ಕುಂಬಾರ ಎದುರಿಗಿಲ್ಲದಿದ್ದರೂ ಕೊಳ್ಳುವವರು ಬೋರಲು ಗಡಿಗೆ ಎತ್ತಿಕೊಂಡು, ಮೊರಕ್ಕೆ ಜೋಳ ಸುರಿದು ಹೋಗುತ್ತಿದ್ದರು. ಊರವರಿಗೆಲ್ಲ ಈ ಹಿತ್ತಿಲ ಗೋಡೆಯ ಸಂಗತಿ ಗೊತ್ತಿದ್ದರಿಂದ ಯಾರೂ ಅದರ ತಂಟೆಗೆ ಬರುತ್ತಿರಲಿಲ್ಲ. ಆದರೆ ಅಂದು ಬಂದವಳು ಗುಡ್ಡದ ಮೇಲಿನ ಹಟ್ಟಿಯ ಕುರುಬಗಿತ್ತಿ. ವರ್ಷಕ್ಕೊಮ್ಮೆ ಇಳಿಯುವವಳು. ಗೋಡೆ ನೋಡಿದಳು. ಐದು ಬೋರಲು ಇವೆ, ತನಗೆ ಬೇಕಾದದ್ದೂ ಐದೇ. ಎತ್ತಿಕೊಂಡಳು. ಐದಕ್ಕೂ ತುಂಬುಗೈಯಿಂದ ಜೋಳ ಸುರಿದಳು. ಪಾಪ, ಒಳ್ಳೆಯ ಹೆಂಗಸು. ಉಳಿದ ಮೂರು ಗಡಿಗೆ ಗಾಳಿಗೆ ಉರುಳಿಯಾವೆಂದು ಒಂದಕ್ಕೊಂದು ಒತ್ತರಿಸಿ ಇಟ್ಟು ಹೋದಳು.

ನೀರಿನ ಅಂಚಿನಲ್ಲಿ ಕುಂಬಾರ ಕಾದ. ಬಟ್ಟೆ ಅಡ್ಡಡ್ಡ ಆಡಿತು. ‘ಇದೇನಿದು, ಸರಿಯಾಗಿಯೇ ಇಟ್ಟೆನಲ್ಲ’ ಎಂದುಕೊಂಡ. ಮತ್ತೆ ಅಡ್ಡ. ಮತ್ತೂ ಅಡ್ಡ. “ಕಣ್ಣು ಬಿಟ್ಟು ನೋಡಮ್ಮಾ!” ಎಂದು ಕೂಗಿದ. ಹೊಳೆಯ ಮುಂದೆ ಅವನ ಕೂಗು ಯಾವ ಲೆಕ್ಕ! ತಿರುಗಿ ನೋಡಿದ. ಎಂಟಿದ್ದ ಕಡೆ ಮೂರು ಗಡಿಗೆ ನೆಂಟರ ಹಾಗೆ ಅಂಟಿಕೊಂಡು ಕೂತಿದ್ದವು.

ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಆಚೆ ದಡಕ್ಕೆ ಕಾಣುವಂಥ ಬೇರೆ ಗಡಿಗೆ ಇರಲಿಲ್ಲ. ಮಳೆಗಾಲದಲ್ಲಿ ಗಡಿಗೆ ಸುಡಲು ಆಗುವುದಿಲ್ಲ, ಸುಟ್ಟವೆಲ್ಲ ಮಾರಿಹೋಗಿದ್ದವು. ಹೊತ್ತು ಆಗಲೇ ಇಳಿಯುತ್ತಿತ್ತು. ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳೂ ಗಾಬರಿ.

“ಬಾಯಿ ಮೇಲಾಗಿದ್ದ ಮೂರೂ ಇವೆಯಲ್ಲ,” ಎಂದ ಕುಂಬಾರ, ತನಗೆ ತಾನೇ ಧೈರ್ಯ ಹೇಳಿಕೊಳ್ಳುವವನಂತೆ. “ಹೋದವು ಬರೀ ಬೋರಲು ಗಡಿಗೆ. ಮಗಳು ಹೇಗಾದರೂ ಓದಿಕೊಂಡಾಳು.”

“ಏನು ಓದುತ್ತಾಳೆ, ನಿಮ್ಮ ತಲೆ!” ಎಂದಳು ಹೆಂಡತಿ. “ಇದು ನಾಲ್ಕನೆಯದು, ಇದು ಏಳನೆಯದು ಎಂದು ಅವಳಿಗೆ ಹೇಳುತ್ತಿದ್ದವು ಆ ಬೋರಲು ಗಡಿಗೆಗಳೇ ಅಲ್ಲವೇ?”

ಅಷ್ಟು ಹೇಳಿ ಅವಳು, ಕೆಸರಿನಲ್ಲಿ ಮೂಡಿದ್ದ ಹೊಸ ಹೆಜ್ಜೆ ಹಿಡಿದು ಗುಡ್ಡದ ದಾರಿಯಲ್ಲಿ ಓಡಿದಳು. ಕುರುಬಗಿತ್ತಿ ಇನ್ನೂ ಏರು ಹತ್ತಿರಲಿಲ್ಲ. ವಿಷಯ ಕೇಳಿದ್ದೇ ಅವಳು, “ಅಯ್ಯೋ ನನ್ನ ಕರ್ಮವೇ, ಕೂಸಿನ ಹೆಸರನ್ನೇ ಹೊತ್ತುಕೊಂಡು ಬಂದೆನಲ್ಲಕ್ಕಾ!” ಎಂದು ತಿರುಗಿ ಓಡಿಬಂದಳು. ಓಡಬಾರದಿತ್ತು. ಕುಂಬಾರನ ಬಾಗಿಲಲ್ಲೇ ಕೆಸರಿನಲ್ಲಿ ಜಾರಿದಳು. ಅವಳಿಗೆ ಏನೂ ಆಗಲಿಲ್ಲ. ಗಡಿಗೆ ಐದೂ ಚೂರು ಚೂರು.

ಕುಂಬಾರ ಚೂರುಗಳನ್ನು ನೋಡುತ್ತ ಕುಸಿದು ಕೂತ. ಸತ್ತ ತಾಯಿಗೆ ಕೊಟ್ಟ ಮಾತು ಹೊಳೆಯ ಪಾಲಾಯಿತೆಂದು ಅವನ ಕಣ್ಣು ತುಂಬಿತು. ಗದ್ದಲ ಕೇಳಿ ಅಕ್ಕಪಕ್ಕದವರು ಬಂದು ಸೇರಿದರು. ಕೆಲಸವಿಲ್ಲದೆ ಕೂತಿದ್ದ ಅಂಬಿಗನೂ ಬಂದ. ಕೆಸರು ಮೆತ್ತಿಕೊಂಡ ಕುರುಬಗಿತ್ತಿ ಎಲ್ಲರನ್ನೂ ಒಮ್ಮೆ ನೋಡಿದಳು, ಗೋಡೆಯನ್ನೂ ನೋಡಿದಳು. ದಡದಡ ಗೋಡೆ ಹತ್ತಿ, ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂತಳು.

“ಅಣ್ಣಾ, ನಾನೊಂದು ಬೋರಲು ಗಡಿಗೆ. ಇನ್ನು ಏಳು ಜನ ಹತ್ತಿರಿ!” ಎಂದು ಕೂಗಿದಳು.

ಕುಂಬಾರ ಚಂಗನೆ ಎದ್ದ. ಮೂರು ಗಡಿಗೆಗಳನ್ನು ಇಳಿಸಿದರು. ಹತ್ತಲು ಎಲ್ಲರಿಗೂ ಖುಷಿಯೇ. ತೊಂದರೆ ಶುರುವಾದದ್ದು ಹತ್ತಿದ ಮೇಲೆ. ಹತ್ತಿದವರೆಲ್ಲ ನಿಂತೇ ನಿಂತರು, ಕೂರುವವರೇ ಇಲ್ಲ. ಆಚೆ ಊರಿನವರೆಲ್ಲ ನೋಡುತ್ತಿರುವಾಗ ತಲೆ ತಗ್ಗಿಸಿ ಕೂರುವುದು ಯಾರಿಗೆ ಬೇಕು? ಕುಂಬಾರನ ಹೆಂಡತಿ ಗಂಡನಿಂದ ಳ ಎಂಬ ಅಕ್ಷರವನ್ನಷ್ಟೇ ಕೇಳಿಕೊಂಡು, ಪಡಸಾಲೆಯ ಪಟ್ಟಿ ನೋಡಿ ಬಂದು, “ನೀನು ಕೂರು, ನೀನು ನಿಲ್ಲು,” ಎಂದು ಒಬ್ಬೊಬ್ಬರ ಹೆಗಲು ಅದುಮಿ ಜಾಗ ಹಿಡಿಸಿದಳು. ಕಣ್ಣು ಚುರುಕಾದ ಅಂಬಿಗನನ್ನು ಬಟ್ಟೆ ನೋಡಲು ನಿಲ್ಲಿಸಿದಳು. ತಾನೂ ಕೂತಳು, ಕುಂಬಾರನೂ ನಿಂತ. ಏಳು ಜನವಾದರು. ಎಂಟನೆಯ ಜಾಗ ಖಾಲಿ. ಅಷ್ಟರಲ್ಲಿ ಕೊಡೆ ಹಿಡಿದು ಊರ ಗೌಡ ಬಂದ.

ಗೌಡನಿಗೂ ಉತ್ಸಾಹ ಬಂತು. ಕೊಡೆ ಮಡಚಿ ಗೋಡೆ ಹತ್ತಿದ. ಹತ್ತಿ, ಮೀಸೆ ತೀಡಿಕೊಂಡು ನೆಟ್ಟಗೆ ನಿಂತ.

“ಗೌಡ್ರೇ, ಅದು ಕೂರುವ ಜಾಗ,” ಎಂದಳು ಕುಂಬಾರನ ಹೆಂಡತಿ.

“ಏನಮ್ಮಾ, ಊರ ಗೌಡ ನಾನು. ನಾನು ಕುಕ್ಕರಗಾಲಲ್ಲಿ ಕೂತರೆ ಆಚೆ ದಡದವರು ಏನಂದುಕೊಂಡಾರು? ನಾಲ್ಕು ಜನ ಬೋರಲಾಗಿದ್ದೀರಲ್ಲ, ಸಾಲದೇ? ನಾನೊಬ್ಬ ನಿಂತರೆ ಏನು ಮುಳುಗಿಹೋಗುತ್ತದೆ?”

ಅವನ ಮಾತು ಮುಗಿಯುವುದರೊಳಗೆ ಅಂಬಿಗ, “ಬಟ್ಟೆ ಆಡಿತು! ಮೇಲೆ ಕೆಳಗೆ! ಓದಿಕೊಂಡರು!” ಎಂದು ಕುಣಿದ. ಎಲ್ಲರೂ ಹೋ ಎಂದರು. ಕುಂಬಾರನ ಹೆಂಡತಿ ಮಾತ್ರ ಪಟ್ಟಿಯ ಕಡೆಗೆ ಓಡಿ, ಹಣೆ ಚಚ್ಚಿಕೊಂಡು ವಾಪಸು ಬಂದಳು.

“ಎಂಟನೆಯದೂ ಮೇಲಾದರೆ ಅದು ಳ ಅಲ್ಲ, ಯ! ಅವರು ಯ ಎಂದು ಓದಿಕೊಂಡಿದ್ದಾರೆ!”

ಕುಂಬಾರ ಕೈ ಮುಗಿದ. ಗುಟ್ಟು ಇನ್ನೆಲ್ಲಿಯ ಗುಟ್ಟು! “ಗೌಡ್ರೇ, ನಾನು ಕಳಿಸುತ್ತಿರುವುದು ನನ್ನ ಅವ್ವನ ಹೆಸರು. ಬಾಳವ್ವ. ನೀವು ನಿಂತರೆ ನನ್ನ ಮೊಮ್ಮಗಳು ಹುಟ್ಟಿದ ಹನ್ನೆರಡೇ ದಿನಕ್ಕೆ ಬಾಯವ್ವ ಆಗಿಬಿಡುತ್ತಾಳೆ.”

ಗೋಡೆಯ ಮೇಲಿದ್ದವರಿಗೆ ನಗು ತಡೆಯಲಾಗಲಿಲ್ಲ. ಗೌಡನ ಮುಖ ಮಾತ್ರ ಬೇರೆಯಾಯಿತು.

“ಬಾಳವ್ವನೇ? ಮೊದಲೇ ಹೇಳಬಾರದೇನಯ್ಯಾ! ಚಿಕ್ಕವನಿದ್ದಾಗ ಅವಳ ಗಡಿಗೆಗೆ ಕಲ್ಲು ಹೊಡೆದು ಕಿವಿ ಹಿಂಡಿಸಿಕೊಂಡವನು ನಾನು. ಅವಳ ಹೆಸರಿಗೆ ಕೂರುವುದೇನು, ಅಡ್ಡ ಬೀಳುತ್ತೇನೆ,” ಎಂದು ಗೌಡ ಪಂಚೆ ಎತ್ತಿಕಟ್ಟಿ, ಮೊಣಕಾಲು ಲಟಲಟ ಎನ್ನುತ್ತಿದ್ದರೂ ಎಲ್ಲರಿಗಿಂತ ತಗ್ಗಾಗಿ ಕೂತ.

ಮೊದಲು ಎಂಟೂ ಜನ ಕೂತು ತಪ್ಪು ಅಕ್ಷರ ಅಳಿಸಿದರು. ಆಮೇಲೆ ಮೂವರು ಎದ್ದರು. ಬಟ್ಟೆ ಮೇಲೆ ಕೆಳಗೆ ಆಡಿತು. ಈ ಸಲ ಅದು ಳ. ಮುಂದಿನದು ವ. ಅದಕ್ಕೆ ಎದ್ದವರು ಬೇರೆ, ಕೂತವರು ಬೇರೆ. ಅದರಲ್ಲಿ ಗೌಡನಿಗೆ ನಿಲ್ಲುವ ಸರದಿ ಬಂತು. ಕೊನೆಗೆ ವ ಒತ್ತು. ಗೌಡ ಮತ್ತೆ ಕೂತ. ಅಷ್ಟು ಹೊತ್ತಿಗೆ ಅವನಿಗೆ ಕೂರುವುದೋ ನಿಲ್ಲುವುದೋ ಎಂಬ ಚಿಂತೆಯೇ ಬಿಟ್ಟುಹೋಗಿತ್ತು. “ಮುಂದೇನಮ್ಮಾ, ಏಳಲೋ ಕೂರಲೋ, ಬೇಗ ಹೇಳು!” ಎಂದು ಅವನೇ ಅವಸರಪಡಿಸುತ್ತಿದ್ದ.

ಹೊತ್ತು ನೀರಿನ ಅಂಚು ಮುಟ್ಟಿತ್ತು. ಆಚೆ ದಡದಲ್ಲಿ ಬಟ್ಟೆ ಆಡಿತು. ಒಂದಲ್ಲ, ಹತ್ತಾರು ಬಟ್ಟೆಗಳು ಒಟ್ಟಿಗೆ ಆಡಿದವು. ಅವುಗಳ ನಡುವೆ ಮಗಳು ಏನನ್ನೋ ಎರಡು ಕೈಯಲ್ಲಿ ಎತ್ತಿ ತೋರಿಸುತ್ತಿದ್ದಾಳೆ ಎಂದ ಅಂಬಿಗ. ಕುಂಬಾರನ ಕಣ್ಣಿಗೆ ಅದು ಕಾಣಲಿಲ್ಲ. “ಅವ್ವಾ, ದಾಟಿದೆಯಲ್ಲ ಅವ್ವಾ!” ಎಂದು ಗೋಡೆಯ ಮೇಲೆಯೇ ಗೊಳೋ ಎಂದು ಅತ್ತ, ಅಳುತ್ತಲೇ ನಕ್ಕ. ಅಂದು ಆ ಮನೆಯ ಹೋಳಿಗೆ ಇಡೀ ಬೀದಿಗೆ ಸಾಕಾಯಿತು. ಕುರುಬಗಿತ್ತಿಗೆ ಎರಡು ಹೆಚ್ಚಿಗೆ ಹಾಕಿದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಗೌಡನನ್ನು ನೆನೆದು ನೆನೆದು ನಗುತ್ತಿದ್ದ. ನಗು ಇಳಿದ ಮೇಲೆ ಕೇಳಿದ:

“ಸೊನ್ನೆಯನ್ನು ಎತ್ತಿ ಹಾಕಬಾರದು, ತಿಳಿಯಿತು ಗುರುಗಳೇ. ಇನ್ನೊಂದೇ ಒಂದು ಹೇಳಿಬಿಡಿ. ಅಂದು ಆ ಹೆಸರನ್ನು ಹೊಳೆ ದಾಟಿಸಿದವರು ನಿಂತವರೋ, ಕೂತವರೋ?”

ಗುರುಗಳು ಕನ್ನಡಕ ಏರಿಸಿಕೊಂಡು ಹೇಳಿದರು:

“ಅದು ಗೋಡೆಯ ಮೇಲಿದ್ದವರಿಗೆ ಕಾಣುವುದಿಲ್ಲ ಮಗು, ಆಚೆ ದಡದಿಂದ ಓದಿದವಳನ್ನು ಕೇಳು.”